ಕ್ಯಾಡ್‌ಫೈಲ್ ಕಥೆಗಳಲ್ಲಿ ಶೆರಿಫ್‌ಗೆ ಕೇಸು ಮುಚ್ಚುವ ಅವಸರ ಯಾಕೆ?

ಓದುಹುಚ್ಚು:
ಎಲ್ಲರಿಗೂ ನಮಸ್ಕಾರ. ಎಲ್ಲಿಸ್ ಪೀಟರ್ಸ್ ಬರೆದ ಬ್ರದರ್ ಕ್ಯಾಡ್‌ಫೈಲ್ ಪತ್ತೇದಾರಿ ಕಾದಂಬರಿಗಳನ್ನು ಈಗ ಶುರು ಮಾಡಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು. 12ನೇ ಶತಮಾನದ ಇಂಗ್ಲೆಂಡ್, ವೇಲ್ಸ್ ಗಡಿಯ ಶ್ರೂಸ್‌ಬರಿ ಊರು. ಕ್ರೂಸೇಡ್ ಯುದ್ಧಕ್ಕೆ ಹೋಗಿ ಬಂದವನೊಬ್ಬ ಕೊನೆಗೆ ಸನ್ಯಾಸಿಯಾಗಿ ಮಠದಲ್ಲಿ ಔಷಧಿ ಗಿಡ ಬೆಳೆಸಿಕೊಂಡಿದ್ದಾನೆ. ಕೊಲೆ ಆದಾಗೆಲ್ಲ ಅವನ ತಲೆ ಓಡುತ್ತದೆ.

ಈಗ 'ಮಂಕ್ಸ್ ಹುಡ್' ಓದುತ್ತಿದ್ದೇನೆ. ಮಠದ ಅತಿಥಿಯೊಬ್ಬನಿಗೆ ಊಟದಲ್ಲಿ ವಿಷ ಬೀಳುತ್ತದೆ. ಕ್ಯಾಡ್‌ಫೈಲ್ ತಾನೇ ಕೀಲುನೋವಿಗೆ ಅಂತ ಮಂಕ್ಸ್ ಹುಡ್ ಎಂಬ ವಿಷದ ಗಿಡದಿಂದ ಕಾಯಿಸಿಟ್ಟ ಎಣ್ಣೆ ಅದು. (ಆ ಗಿಡ ನಮ್ಮ ವತ್ಸನಾಭಿಯ ಜಾತಿಗೇ ಸೇರಿದ್ದು.) ಶೆರಿಫ್‌ನ ಕಡೆಯವನು ಬರುತ್ತಾನೆ, ನಾಲ್ಕು ಪ್ರಶ್ನೆ ಕೇಳುತ್ತಾನೆ, ಸತ್ತವನ ಮಲಮಗ, ಹದಿನಾಲ್ಕರ ಹುಡುಗನೇ ಕೊಲೆಗಾರ ಅಂತ ತೀರ್ಮಾನಿಸಿ ಹುಡುಕಾಟಕ್ಕೆ ಹೊರಡುತ್ತಾನೆ. ನನಗೆ ಸಿಟ್ಟು ಬಂತು.

ನನಗೆ ಗೊತ್ತಿದ್ದ ಶೆರಿಫ್ ಅಂದರೆ ಅಮೆರಿಕದ ಕೌಬಾಯ್ ಸಿನಿಮಾದವನು. ಎದೆ ಮೇಲೆ ನಕ್ಷತ್ರ, ಸೊಂಟದಲ್ಲಿ ಪಿಸ್ತೂಲು. ಇಂಗ್ಲೆಂಡಿನ ಈ ಶೆರಿಫ್ ಯಾರು? ಪೊಲೀಸ್ ಅಧಿಕಾರಿಯಾ, ಜಡ್ಜಾ? ಸತ್ಯ ಹುಡುಕುವ ಕೆಲಸ ಅವನದಲ್ಲವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕಪತ್ರ:
ಒಳ್ಳೆಯ ಪ್ರಶ್ನೆ. ನಾನು ಮೂವತ್ತು ವರ್ಷ ಲೆಕ್ಕದ ಪುಸ್ತಕಗಳ ಜೊತೆ ಬದುಕಿದವನು, ಹಾಗಾಗಿ ಆ ದಿಕ್ಕಿನಿಂದಲೇ ಹೇಳುತ್ತೇನೆ.

ಮೊದಲು ಹೆಸರು. 'ಶೈರ್' ಅಂದರೆ ಕೌಂಟಿ, ನಮ್ಮ ಜಿಲ್ಲೆ ಅಂದುಕೊಳ್ಳಿ. 'ರೀವ್' ಅಂದರೆ ಮೇಲ್ವಿಚಾರಕ. ಶೈರ್ ರೀವ್ ಸವೆದು ಸವೆದು ಶೆರಿಫ್ ಆಯಿತು. 1066ರಲ್ಲಿ ನಾರ್ಮನ್ನರು ಬರುವುದಕ್ಕೂ ಮುಂಚಿನ ಹುದ್ದೆ ಇದು. ರಾಜನ ಪರವಾಗಿ ಜಿಲ್ಲೆ ನೋಡಿಕೊಳ್ಳುವವನು. ಕೋಟೆ, ಸೆರೆಮನೆ, ಕೌಂಟಿಯ ನ್ಯಾಯಸಭೆ, ರಾಜನ ಆಜ್ಞೆಗಳ ಜಾರಿ, ಯುದ್ಧಕ್ಕೆ ಜನ ಸೇರಿಸುವುದು, ಎಲ್ಲ ಅವನ ತಲೆ ಮೇಲೆ.

ಆದರೆ ಎಲ್ಲಕ್ಕಿಂತ ಮೇಲೆ ದುಡ್ಡು. ಶೆರಿಫ್ ಜಿಲ್ಲೆಯನ್ನು ಗುತ್ತಿಗೆ ಹಿಡಿದವನು. ವರ್ಷಕ್ಕೆ ಇಷ್ಟು ಅಂತ ರಾಜನಿಗೆ ಕಟ್ಟಬೇಕು. ವಸೂಲಿ ಅದಕ್ಕಿಂತ ಜಾಸ್ತಿ ಆದರೆ ಉಳಿದದ್ದು ಅವನ ಜೇಬಿಗೆ, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು.

ವರ್ಷಕ್ಕೆ ಎರಡು ಸಲ, ಈಸ್ಟರ್‌ಗೆ ಮತ್ತು ಸೆಪ್ಟೆಂಬರ್ ಕೊನೆಯ ಮೈಕಲ್ಮಸ್ ಹಬ್ಬಕ್ಕೆ, ರಾಜನ ಖಜಾನೆ ಮುಂದೆ ಲೆಕ್ಕ ಒಪ್ಪಿಸಬೇಕು. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು. ಅಂಚಿಗೆ ನಾಲ್ಕು ಬೆರಳು ಎತ್ತರದ ಪಟ್ಟಿ, ಎಣಿಕೆಯ ಬಿಲ್ಲೆಗಳು ಉರುಳಿ ಬೀಳದಿರಲಿ ಅಂತ. ಮೇಲೆ ಚೌಕದ ಗೆರೆಗಳಿರುವ ಕಪ್ಪು ಬಟ್ಟೆ. ಪೆನ್ನಿ ನಾಣ್ಯಕ್ಕೊಂದು ಸಾಲು, ಶಿಲ್ಲಿಂಗಿಗೊಂದು, ಪೌಂಡಿಗೊಂದು, ಹಾಗೇ ಮೇಲಕ್ಕೆ. ಕೊಡಬೇಕಾದದ್ದನ್ನು ಒಂದು ಕಡೆ ಇಡುತ್ತಾರೆ, ಕೊಟ್ಟದ್ದನ್ನು ಅದರ ಕೆಳಗೆ ಇಟ್ಟು ಕಳೆಯುತ್ತಾರೆ. ಚದುರಂಗದ ಹಾಸಿನಂಥ ಈ ಬಟ್ಟೆಯಿಂದಲೇ ಖಜಾನೆಗೆ 'ಎಕ್ಸ್‌ಚೆಕರ್' ಎಂಬ ಹೆಸರು ಬಂತು.

ರಸೀದಿ ಅಂದರೆ ಕಡ್ಡಿ! ಕಡ್ಡಿಯ ಮೇಲೆ ಕಚ್ಚು ಕೆತ್ತುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಇಬ್ಬರೂ ಒಂದೊಂದು ಹೋಳು ಇಟ್ಟುಕೊಳ್ಳುವುದು. ಮತ್ತೆ ಜೋಡಿಸಿದಾಗ ಕಚ್ಚುಗಳು ಕೂಡಬೇಕು. ಮೋಸಕ್ಕೆ ಜಾಗವೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬನ್ನಿ. ಘೋರ ಅಪರಾಧ ಸಾಬೀತಾಗಿ ಗಲ್ಲಿಗೇರಿದವನ ದನಕರು, ಪಾತ್ರೆಪಗಡಿ ರಾಜನಿಗೆ ಜಫ್ತಿ. ಹಳ್ಳಿಯವರು ತಪ್ಪು ಮಾಡಿದರೆ ದಂಡ. ಅಂದರೆ ಪ್ರತಿಯೊಂದು ಕೊಲೆಯೂ ಆ ಕಪ್ಪು ಬಟ್ಟೆಯ ಮೇಲೆ ಒಂದು ಬಿಲ್ಲೆ. ಶೆರಿಫ್‌ಗೆ ಬೇಕಾದದ್ದು ಲೆಕ್ಕ ಮುಗಿಯುವುದು. ಯಾರ ಹೆಸರಿನಲ್ಲಿ ಮುಗಿಯಿತು ಅನ್ನೋದು ಕ್ಯಾಡ್‌ಫೈಲ್‌ನ ಚಿಂತೆ.

ಮಳೆಗಾಲ:
ಲೆಕ್ಕಪತ್ರ ಅವರೇ, ವಿವರಣೆ ಬಹಳ ಚೆನ್ನಾಗಿದೆ. ಆದರೂ ಒಂದು ತಕರಾರು. ಈ ಥರದ ಕಥೆ ಬರೆಯುವವರಿಗೆ ಶೆರಿಫ್ ಸುಲಭವಾಗಿ ಸಿಗುವ ಖಳನಾಯಕ ಅಂತ ನನ್ನ ಅಭಿಪ್ರಾಯ. ನಾಯಕ ಜಾಣನಾಗಿ ಕಾಣಬೇಕು, ಅದಕ್ಕೆ ಪಕ್ಕದಲ್ಲಿ ಒಬ್ಬ ದಡ್ಡ ಅಥವಾ ಲಂಚಕೋರ ಶೆರಿಫ್. ರಾಬಿನ್ ಹುಡ್ ಕಾಲದಿಂದ ಇದೇ ಹಾಡು. ಅವನ ವೈರಿ ನಾಟಿಂಗ್‌ಹ್ಯಾಮ್ ಶೆರಿಫ್ ಒಬ್ಬ ಸಾಲದಾ? ಎಲ್ಲ ಶೆರಿಫರೂ ಅಷ್ಟು ಕೆಟ್ಟವರಾಗಿದ್ದರೆ ಆ ದೇಶ ನಡೆದದ್ದು ಹೇಗೆ?

ಲೆಕ್ಕಪತ್ರ:
ಎಲ್ಲರೂ ಕೆಟ್ಟವರಲ್ಲ, ಒಪ್ಪುತ್ತೇನೆ. ಆದರೆ ಆ ಹೆಸರು ಸುಮ್ನೆ ಬಂದದ್ದೂ ಅಲ್ಲ.

1170ರಲ್ಲಿ ರಾಜ ಎರಡನೇ ಹೆನ್ರಿ ಹೊರದೇಶದಿಂದ ವಾಪಸ್ ಬಂದು ಶೆರಿಫರ ಮೇಲೆ ವಿಚಾರಣೆ ಹೂಡಿದ. ಜನರಿಂದ ಎಷ್ಟು ಕಿತ್ತಿರಿ, ನನಗೆಷ್ಟು ಕೊಟ್ಟಿರಿ ಅಂತ. ಹೆಚ್ಚಿನವರ ಹುದ್ದೆ ಹೋಯಿತು.

ನೀವು ನಾಟಿಂಗ್‌ಹ್ಯಾಮ್ ಅಂದಿರಿ. ಹಳೆಯ ರಾಬಿನ್ ಹುಡ್ ಲಾವಣಿಗಳಲ್ಲಿ ಆ ಶೆರಿಫ್‌ಗೆ ಹೆಸರೇ ಇಲ್ಲ. ಹುದ್ದೆಯೇ ಅವನ ಹೆಸರು. ನಿಜವಾದ ನಾಟಿಂಗ್‌ಹ್ಯಾಮ್ ಕಥೆ ನನಗೆ ಇನ್ನೂ ಇಷ್ಟ. ರಾಜ ರಿಚರ್ಡ್ ಕ್ರೂಸೇಡ್‌ನಿಂದ ಬರುವಾಗ ಸೆರೆ ಸಿಕ್ಕಿದ. ಒತ್ತೆಹಣ ಒಂದೂವರೆ ಲಕ್ಷ ಮಾರ್ಕ್ (ಒಂದು ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು) ಅಂತ ನಿಗದಿಯಾಯಿತು. 1194ರಲ್ಲಿ ಬಿಡುಗಡೆಯಾಗಿ ಬಂದವನು ನೇರ ನಾಟಿಂಗ್‌ಹ್ಯಾಮ್ ಕೋಟೆಗೆ ಮುತ್ತಿಗೆ ಹಾಕಿದ, ಅದು ತಮ್ಮ ಜಾನ್‌ನ ಕಡೆಯವರ ಕೈಯಲ್ಲಿತ್ತು. ಕೋಟೆ ಬಿದ್ದ ಕೆಲವೇ ದಿನಗಳಲ್ಲಿ ಅಲ್ಲೇ ಸಭೆ ಕೂಡಿಸಿ ಏನು ಮಾಡಿದ ಗೊತ್ತಾ? ಶೆರಿಫ್ ಹುದ್ದೆಗಳನ್ನು ಹರಾಜಿಗೆ ಹಾಕಿದ! ಯಾರ್ಕ್‌ಶೈರ್‌ಗೆ ಮೂರು ಸಾವಿರ ಮಾರ್ಕ್ ಕೂಗಿದವನು ಯಾರ್ಕ್‌ನ ಆರ್ಚ್‌ಬಿಷಪ್, ರಾಜನ ಮಲಸಹೋದರ ಜೆಫ್ರಿ.

ಹಾಗೆ ದುಡ್ಡು ಕೊಟ್ಟು ಕೊಂಡ ಹುದ್ದೆಯಿಂದ ಹಾಕಿದ ಬಂಡವಾಳ ತೆಗೆಯದೆ ಬಿಡುತ್ತಾರಾ?

ರಾಜ ಜಾನ್ ಒಪ್ಪಿಕೊಳ್ಳಬೇಕಾಗಿ ಬಂದ ಹಕ್ಕುಪತ್ರ, 1215ರ ಮ್ಯಾಗ್ನಾ ಕಾರ್ಟಾ, ತೆಗೆದು ನೋಡಿ. ಶೆರಿಫರು ಕೊಲೆ ಮೊದಲಾದ ರಾಜನ ಮೊಕದ್ದಮೆಗಳನ್ನು ತಾವೇ ತೀರ್ಮಾನಿಸುವಂತಿಲ್ಲ ಅಂತ ಒಂದು ಕಲಮು. ಒಪ್ಪಿಗೆ ಇಲ್ಲದೆ ಜನರ ಕುದುರೆ, ಗಾಡಿ ಎತ್ತಿಕೊಳ್ಳುವಂತಿಲ್ಲ ಅಂತ ಇನ್ನೊಂದು. ನಾಟಿಂಗ್‌ಹ್ಯಾಮ್‌ನ ಶೆರಿಫ್ ಆಗಿದ್ದ ಫಿಲಿಪ್ ಮಾರ್ಕ್‌ನನ್ನಂತೂ ಹೆಸರು ಹಿಡಿದು ಅಧಿಕಾರದಿಂದ ತೆಗೆಯಬೇಕು ಅಂತ ಬರೆದಿದ್ದಾರೆ. ದೇಶದ ದೊಡ್ಡ ಶಾಸನದಲ್ಲಿ ಒಬ್ಬ ಶೆರಿಫ್‌ನ ಹೆಸರು ಬರಬೇಕಾದರೆ ಜನ ಎಷ್ಟು ನೊಂದಿರಬೇಕು, ಅಲ್ವಾ?

ವಕೀಲಮ್ಮ:
ನಾನೂ ಸೇರಿಕೊಳ್ಳುತ್ತೇನೆ, ಇದು ನನ್ನ ಪ್ರೀತಿಯ ವಿಷಯ.

ಲೆಕ್ಕಪತ್ರ ಅವರು 1194 ಅಂದರಲ್ಲ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹುದ್ದೆ ಹುಟ್ಟಿತು: ಕರೋನರ್. ರಿಚರ್ಡ್‌ನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಹ್ಯೂಬರ್ಟ್ ವಾಲ್ಟರ್ ತಂದ ವ್ಯವಸ್ಥೆ. ಪ್ರತಿ ಕೌಂಟಿಗೆ ಮೂವರು ನೈಟ್‌ಗಳು (ಕುದುರೆ ಯೋಧರು), ಒಬ್ಬ ಗುಮಾಸ್ತ. ಅನುಮಾನದ ಸಾವು ಆದರೆ ಹೋಗಿ ಹೆಣ ನೋಡಬೇಕು, ಊರವರನ್ನು ಸೇರಿಸಿ ಮಹಜರು ಮಾಡಬೇಕು, ಎಲ್ಲವನ್ನೂ ಬರೆದಿಡಬೇಕು. ಅಲ್ಲಿಯವರೆಗೆ ಶೆರಿಫ್ ಹೇಳಿದ್ದೇ ಲೆಕ್ಕ. ಈಗ ಪಕ್ಕದಲ್ಲಿ ಇನ್ನೊಂದು ಕಡತ ಬಂತು. ಶೆರಿಫ್ ನುಂಗಿದರೆ ಗೊತ್ತಾಗುತ್ತದೆ.

ಈ ಜಗಳವನ್ನೇ ಹಿಡಿದು ಬರ್ನಾರ್ಡ್ ನೈಟ್ 'ಕ್ರೌನರ್ ಜಾನ್' ಸರಣಿ ಬರೆದರು. ಅವರು ಸ್ವತಃ ವಿಧಿವಿಜ್ಞಾನದ ವೈದ್ಯರು, ವೇಲ್ಸ್‌ನವರು. 1998ರ 'ದ ಸ್ಯಾಂಕ್ಚುರಿ ಸೀಕರ್' ಮೊದಲ ಪುಸ್ತಕ. ನಾಯಕ ಜಾನ್ ಡಿ ವುಲ್ಫ್ ಡೆವನ್ ಕೌಂಟಿಯ ಹೊಸ ಕರೋನರ್, ಶೆರಿಫ್ ರಿಚರ್ಡ್ ಡಿ ರೆವೆಲ್ ಅವನ ಹೆಂಡತಿಯ ಅಣ್ಣ! ಕಚೇರಿಯಲ್ಲಿ ಜಗಳ ಆಡಿ ಮನೆಗೆ ಬಂದರೆ ಅಲ್ಲೂ ಅದೇ ಮಾತು. ಶೆರಿಫ್ ಎಕ್ಸೆಟರ್ ಕೋಟೆಯ ಒಳಗೆ ಆರಾಮಾಗಿ ಕೂತಿರುತ್ತಾನೆ. ಕರೋನರ್‌ಗೆ ಕೊಟ್ಟದ್ದು ಹೆಬ್ಬಾಗಿಲ ಮೇಲಿನ ಇಕ್ಕಟ್ಟು ಕೋಣೆ. ಆ ಮೆಟ್ಟಿಲು ಹತ್ತುವಾಗಲೆಲ್ಲ ಇಬ್ಬರ ನಡುವಿನ ಸಂಬಂಧ ಏನು ಅಂತ ಓದುಗರಿಗೆ ಅರ್ಥ ಆಗುತ್ತದೆ.

ಇನ್ನೊಂದು ವಿಚಿತ್ರ ಕಾನೂನು ಹೇಳಲೇಬೇಕು. ಊರಿನಲ್ಲಿ ಹೆಣ ಸಿಕ್ಕಿತು ಅನ್ನಿ. ಸತ್ತವನು ಇಂಗ್ಲಿಷಿನವನೇ ಅಂತ ಊರವರು ರುಜುವಾತು ಮಾಡಬೇಕು. ಆಗದಿದ್ದರೆ ಅವನು ನಾರ್ಮನ್ ಅಂತ ಭಾವಿಸಿ ಇಡೀ ಸುತ್ತಿನ ಹಳ್ಳಿಗಳಿಗೆ ದಂಡ. ಗೆದ್ದು ಬಂದ ನಾರ್ಮನ್ನರನ್ನು ಜನ ಗುಟ್ಟಾಗಿ ಮುಗಿಸಬಾರದು ಅಂತ ಶುರುವಾದ ನಿಯಮ ಇದು. ಇಬ್ಬರೂ ಮದುವೆಯಾಗಿ ಬೆರೆತುಹೋದ ಮೇಲೂ ಉಳಿದುಕೊಂಡಿತು, 1340ರವರೆಗೆ. ಯಾಕೆ ಅಂದರೆ ದಂಡ ಬರುತ್ತಿತ್ತು.

ಹೆಣವನ್ನು ಮೊದಲು ಕಂಡವನು ಬೊಬ್ಬೆ ಹಾಕಬೇಕು, ಊರೆಲ್ಲ ಬೆನ್ನಟ್ಟಬೇಕು. ಆ ಕ್ರಮ ತಪ್ಪಿದರೂ ದಂಡ. ಹಾಗಾಗಿ ಹೆಣ ಕಂಡ ಹಳ್ಳಿಯವನ ಮೊದಲ ಯೋಚನೆ ಏನಿರುತ್ತದೆ? ರಾತ್ರೋರಾತ್ರಿ ಹೊಳೆ ದಾಟಿಸಿ ಪಕ್ಕದ ಊರಿನ ಗಡಿಯಲ್ಲಿ ಹಾಕಿ ಬಂದರೆ ಒಳ್ಳೆಯದು ಅಂತ. ಸುಳ್ಳು ಹೇಳುವುದಕ್ಕೆ ಊರಿಗೆ ಊರೇ ಕಾರಣ ಇಟ್ಟುಕೊಂಡಿದೆ. ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದಿಲ್ಲ.

ಓದುಹುಚ್ಚು:
ಎಷ್ಟೊಂದು ಕಲಿತೆ! ವಕೀಲಮ್ಮ, ಆ ಮಹಜರು ಎಂಬ ಪದದಿಂದ ಎಲ್ಲ ಕಣ್ಣಿಗೆ ಕಟ್ಟಿತು. ಆದರೆ ಕ್ಯಾಡ್‌ಫೈಲ್ ಕಾಲದಲ್ಲಿ ಕರೋನರ್ ಇನ್ನೂ ಹುಟ್ಟಿಲ್ಲ ಅಂದ ಹಾಗಾಯಿತು. ಕಾದಂಬರಿಗಳೆಲ್ಲ 1137ರಿಂದ 1145ರ ಒಳಗೆ ನಡೆಯುತ್ತವೆ. ಶೆರಿಫ್‌ನನ್ನು ಹಿಡಿದು ನಿಲ್ಲಿಸುವವರು ಯಾರು?

ತುಂಗಾತೀರ:
ಇದಕ್ಕಾಗಿಯೇ ಕಾಯುತ್ತಿದ್ದೆ. ನಾನು ಈ ಸರಣಿಯ ಇಪ್ಪತ್ತು ಕಾದಂಬರಿಗಳನ್ನೂ ಓದಿದ್ದೇನೆ, ಕೆಲವನ್ನು ಮೂರು ಸಲ. ಮುಂದೆ ಕಥೆಯ ಗುಟ್ಟು ಸ್ವಲ್ಪ ಬರುತ್ತದೆ, ಬೇಡವಾದವರು ದಾಟಿಕೊಳ್ಳಿ. ಕೊಲೆಗಾರರ ಹೆಸರು ಮಾತ್ರ ಹೇಳುವುದಿಲ್ಲ.

ಎರಡನೆಯ ಪುಸ್ತಕ, 'ಒನ್ ಕಾರ್ಪ್ಸ್ ಟೂ ಮೆನಿ'. 1138ರ ಬೇಸಿಗೆ. ರಾಜ ಮೊದಲನೇ ಹೆನ್ರಿ ಸತ್ತ ಮೇಲೆ ಸಿಂಹಾಸನಕ್ಕಾಗಿ ಅವನ ಸೋದರಳಿಯ ಸ್ಟೀಫನ್ ಮತ್ತು ಮಗಳು ಮೊಡ್ ನಡುವೆ ಯುದ್ಧ. ಶ್ರೂಸ್‌ಬರಿಯ ಶೆರಿಫ್ ವಿಲಿಯಂ ಫಿಟ್ಸ್‌ಆಲನ್ ಮೊಡ್ ಕಡೆಯವನು, ಇದು ನಿಜವಾದ ಇತಿಹಾಸ. ಸ್ಟೀಫನ್ ಕೋಟೆ ಗೆಲ್ಲುತ್ತಾನೆ, ಫಿಟ್ಸ್‌ಆಲನ್ ತಪ್ಪಿಸಿಕೊಳ್ಳುತ್ತಾನೆ. ಕೈಗೆ ಸಿಕ್ಕ ಕೋಟೆ ಕಾವಲಿನವರನ್ನು ರಾಜ ನೇಣಿಗೆ ಹಾಕಿಸುತ್ತಾನೆ. ಅದೂ ನಡೆದದ್ದೇ.

ಕಾದಂಬರಿಯಲ್ಲಿ ನೇಣಾದವರು 94 ಜನ. ಹೆಣಗಳಿಗೆ ಸಂಸ್ಕಾರ ಮಾಡಲು ಕ್ಯಾಡ್‌ಫೈಲ್ ಹೋಗುತ್ತಾನೆ. ಒಂದೊಂದನ್ನೇ ನೇರ ಮಾಡಿ ಮಲಗಿಸುತ್ತಾ ಎಣಿಸುತ್ತಾನೆ. 95 ಬರುತ್ತದೆ! ಮತ್ತೆ ಎಣಿಸುತ್ತಾನೆ, ಮತ್ತೆ 95. ಬಗ್ಗಿ ಕುತ್ತಿಗೆಗಳನ್ನು ನೋಡುತ್ತಾನೆ. ಎಲ್ಲರ ಕುತ್ತಿಗೆಯಲ್ಲೂ ದಪ್ಪ ಹಗ್ಗದ ಗುರುತು. ಒಬ್ಬ ಹುಡುಗನ ಕುತ್ತಿಗೆಯಲ್ಲಿ ಮಾತ್ರ ತೆಳ್ಳನೆ ದಾರ ಇಳಿದ ಗೆರೆ. ಹಿಂದಿನಿಂದ ಬಂದು ಯಾರೋ ಕತ್ತು ಬಿಗಿದಿದ್ದಾರೆ. ಕೊಲೆ ಮಾಡಿ ಹೆಣಗಳ ರಾಶಿಗೆ ಸೇರಿಸಿಬಿಟ್ಟಿದ್ದಾರೆ.

ನಾನು ಈ ಪುಟ ಓದಿ ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 94 ಜನರನ್ನು ರಾಜನೇ ಕೊಂದಿದ್ದಾನೆ. ಆ ಹೊತ್ತಿನಲ್ಲಿ ಒಬ್ಬ ಸನ್ಯಾಸಿ, 'ಇವನ ಲೆಕ್ಕ ಯಾರು ಕೊಡುತ್ತಾರೆ?' ಅಂತ ನಿಲ್ಲುತ್ತಾನೆ. ಲೆಕ್ಕಪತ್ರ ಅವರ ಕಪ್ಪು ಬಟ್ಟೆ ನೆನಪಾಗುತ್ತದೆ ನೋಡಿ. ಇದೂ ಲೆಕ್ಕವೇ, ಬೇರೆ ಥರದ್ದು.

ಇದೇ ಪುಸ್ತಕದಲ್ಲಿ ಹ್ಯೂ ಬೆರಿಂಗಾರ್ ಬರುತ್ತಾನೆ. ಮುಂದೆ ಮೊದಲು ಉಪ ಶೆರಿಫ್, ಆಮೇಲೆ ಶೆರಿಫ್ ಆಗುವವನು. ನಿಮ್ಮ ಪ್ರಶ್ನೆಗೆ ಉತ್ತರ ಅವನೇ.

ಮೊದಲ ಸಲ ಕಂಡಾಗ ಅವನನ್ನು ನಂಬಲು ಆಗುವುದಿಲ್ಲ. ತೆಳ್ಳಗೆ, ಕಪ್ಪು ಕೂದಲು, ಮನಸ್ಸಿನಲ್ಲಿ ಏನಿದೆ ಅಂತ ಬಿಟ್ಟುಕೊಡದ ಮುಖ. ಫಿಟ್ಸ್‌ಆಲನ್‌ನ ನಿಧಿ ಹುಡುಕುತ್ತಿದ್ದಾನೆ. ಚಿಕ್ಕಂದಿನಲ್ಲಿ ತನಗೆ ಗೊತ್ತು ಮಾಡಿದ್ದ ಹುಡುಗಿಯನ್ನು ರಾಜನಿಗೆ ಹಿಡಿದು ಕೊಡಬೇಕಾಗಿದೆ. ಆ ಹುಡುಗಿ ಗಂಡುಹುಡುಗನ ವೇಷದಲ್ಲಿ ಕ್ಯಾಡ್‌ಫೈಲ್‌ನ ತೋಟದಲ್ಲೇ ಇದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ಅಳೆಯುತ್ತಾ ಆಟ ಆಡುತ್ತಾರೆ. ಕೊನೆಗೆ ಒಂದು ರಾತ್ರಿ ಹ್ಯೂ ಗೆದ್ದೆ ಅಂದುಕೊಳ್ಳುತ್ತಾನೆ. ಹುಡುಗಿಯನ್ನೂ ಅವಳ ಜೊತೆಗಾರನನ್ನೂ ಹೋಗಲು ಬಿಡುತ್ತಾನೆ, ನಿಧಿಯ ಮೂಟೆ ಮಾತ್ರ ಇಟ್ಟುಕೊಳ್ಳುತ್ತಾನೆ. ಬಿಚ್ಚಿ ನೋಡಿದರೆ ಒಳಗೆ ಕಲ್ಲು! ಹ್ಯೂ ಸಿಟ್ಟಾಗುವುದಿಲ್ಲ, ನಗುತ್ತಾನೆ. ಆ ನಗುವಿನಲ್ಲಿ ಸ್ನೇಹ ಹುಟ್ಟುತ್ತದೆ.

ಹುಡುಗಿಯನ್ನು ಬಿಟ್ಟದ್ದು ಗಮನಿಸಿ. ಯಾರನ್ನು ಹಿಡಿಯಬಾರದು ಅಂತ ಅವನಿಗೆ ಗೊತ್ತಿದೆ. ಮುಂದೆ ಹದಿನೆಂಟು ಪುಸ್ತಕಗಳಲ್ಲಿ ಅವನ ಶೆರಿಫ್‌ಗಿರಿಯ ಜೀವ ಇರುವುದು ಅಲ್ಲೇ.

ಮಳೆಗಾಲ:
ತುಂಗಾತೀರ ಅವರೇ, ಹ್ಯೂ ನನಗೂ ಇಷ್ಟ. ಆದರೆ ಅವನು ತೀರಾ ಒಳ್ಳೆಯವನಲ್ಲವಾ? ಲೆಕ್ಕಪತ್ರ ಅವರು ಹೇಳಿದ ಗುತ್ತಿಗೆ, ಹರಾಜು, ಜಫ್ತಿ ಎಲ್ಲ ಇದ್ದ ಜಗತ್ತಿನಲ್ಲಿ ಇಂಥವನು ಬದುಕುವುದು ಸಾಧ್ಯವಾ? ಅವನಿಗಿಂತ ಮುಂಚಿನ ಶೆರಿಫ್ ಗಿಲ್ಬರ್ಟ್ ಪ್ರೆಸ್ಟ್‌ಕೋಟ್ ನನಗೆ ಹೆಚ್ಚು ನಿಜ ಅನಿಸಿದ. ಕ್ರೂರಿಯಲ್ಲ, ಲಂಚಕೋರನೂ ಅಲ್ಲ. ಗಡುಸು ಮನುಷ್ಯ, ರಾಜನ ಕೆಲಸ ಮುಗಿಯಬೇಕು ಅಷ್ಟೇ.

ತುಂಗಾತೀರ:
ಪ್ರೆಸ್ಟ್‌ಕೋಟ್ ಬಗ್ಗೆ ನೀವು ಹೇಳಿದ್ದು ಸರಿ. ಅವನನ್ನು ಖಳನಾಯಕ ಮಾಡದೆ ಉಳಿಸಿದ್ದಕ್ಕೆ ಲೇಖಕಿಗೆ ಕೈ ಮುಗಿಯಬೇಕು.

ಹ್ಯೂ ಒಳ್ಳೆಯವನು ಹೌದು, ಆದರೆ ಬೆಲೆ ಕೊಡದೆ ಒಳ್ಳೆಯವನಾಗಿಲ್ಲ. 'ದ ಸ್ಯಾಂಕ್ಚುರಿ ಸ್ಪ್ಯಾರೋ' ನೋಡಿ. ನಡುರಾತ್ರಿ ಪ್ರಾರ್ಥನೆ ನಡೆಯುತ್ತಿದೆ. ಬಾಗಿಲು ತಳ್ಳಿಕೊಂಡು ಲಿಲಿವಿನ್ ಎಂಬ ಬಡಕಲು ಹುಡುಗ ಓಡಿ ಬಂದು ಬಲಿಪೀಠದ ಬಟ್ಟೆ ಹಿಡಿದುಕೊಳ್ಳುತ್ತಾನೆ. ಹಿಂದೆ ಮದುವೆ ಮನೆಯಿಂದ ಕುಡಿದು ಬಂದ ಗುಂಪು. ಊರೂರು ಅಲೆದು ಹಾಡಿ ಕುಣಿದು ಬದುಕುವವನು ಅವನು, ಮದುವೆಗೆ ಆಟ ಆಡಲು ಬಂದಿದ್ದ. ಅಕ್ಕಸಾಲಿಗನನ್ನು ಹೊಡೆದು ಪೆಟ್ಟಿಗೆ ದೋಚಿದ ಅಂತ ಆರೋಪ. ಮಠಾಧಿಪತಿ ರಾಡುಲ್ಫಸ್ ಅಡ್ಡ ನಿಲ್ಲುತ್ತಾರೆ. ಚರ್ಚಿನಲ್ಲಿ ಆಶ್ರಯ ಪಡೆದವನು ಅಂತ 40 ದಿನ ಅವನನ್ನು ಯಾರೂ ಮುಟ್ಟುವಂತಿಲ್ಲ.

ಹ್ಯೂಗೆ ಎರಡು ದಾರಿ. ಮಠದ ಸುತ್ತ ಕಾವಲು ಹಾಕಿ ದಿನ ಎಣಿಸುತ್ತಾ ಕೂರಬಹುದು, ಕಾನೂನು ಅಷ್ಟೇ ಕೇಳುವುದು. ಅಥವಾ ಆ 40 ದಿನವನ್ನು ನಿಜ ಹುಡುಕಲು ಬಳಸಬಹುದು. ಅವನು ಕಾವಲೂ ಹಾಕುತ್ತಾನೆ, ನಿಜವನ್ನೂ ಹುಡುಕುತ್ತಾನೆ. ಕಾವಲು ಸಡಿಲ ಬಿಡುವುದಿಲ್ಲ. ಹುಡುಗ ತಪ್ಪಿತಸ್ಥ ಅಂತಾದರೆ ಗಲ್ಲಿಗೆ ಕಳಿಸುತ್ತಾನೆ ಅನ್ನೋದು ಕ್ಯಾಡ್‌ಫೈಲ್‌ಗೂ ಗೊತ್ತು. ಹಾಗಾಗಿ ಕ್ಯಾಡ್‌ಫೈಲ್ ಎಷ್ಟೋ ಸಲ ಗೆಳೆಯನಿಗೆ ಎಲ್ಲವನ್ನೂ ಹೇಳುವುದಿಲ್ಲ. ಹ್ಯೂಗೂ ಅದು ತಿಳಿಯುತ್ತದೆ, ಆದರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಶೆರಿಫ್ ಆಗಿ ಏನಾದರೂ ಮಾಡಲೇಬೇಕು. ತೋಟದ ಗುಡಿಸಲಿನಲ್ಲಿ ಇಬ್ಬರೂ ವೈನ್ ಇಟ್ಟುಕೊಂಡು ಕೂತಾಗ ಆ ಕೇಳದ ಪ್ರಶ್ನೆ ಮೂರನೆಯವರ ಹಾಗೆ ಅಲ್ಲೇ ಕೂತಿರುತ್ತದೆ. ನನಗೆ ಸರಣಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಮೌನ.

ಇನ್ನೊಂದು ಮಾತು. 1141 ಫೆಬ್ರವರಿ 2ರಂದು ಲಿಂಕನ್ ಯುದ್ಧದಲ್ಲಿ ಸ್ಟೀಫನ್ ಸೆರೆಯಾದ. ನವೆಂಬರ್‌ವರೆಗೆ ರಾಜನೇ ಜೈಲಿನಲ್ಲಿ! 'ಡೆಡ್ ಮ್ಯಾನ್ಸ್ ರಾನ್ಸಮ್' ಆ ಹೊತ್ತಿನ ಕಥೆ, ಪ್ರೆಸ್ಟ್‌ಕೋಟ್ ಸಾಯುವುದು ಅದರಲ್ಲೇ. ಹ್ಯೂ ಒಬ್ಬನೇ ಉಳಿಯುತ್ತಾನೆ. ಯಾರ ಹೆಸರಿನಲ್ಲಿ ಜಿಲ್ಲೆ ನಡೆಸುವುದು? ಲೆಕ್ಕ ಯಾರಿಗೆ ಒಪ್ಪಿಸುವುದು? ಬೇಕಾದರೆ ಪಕ್ಷ ಬದಲಿಸಬಹುದಿತ್ತು, ಎಷ್ಟೋ ಜನ ಬದಲಿಸಿದರು. ಅವನು ಗಡಿ ಕಾಯುತ್ತಾ ನಿಂತ.

ಬರ್ಮಿಂಗ್‌ಹ್ಯಾಮ್ ಕನ್ನಡತಿ:
ಸುಮ್ಮನೆ ಓದುತ್ತಿದ್ದೆ, ಈಗ ಬರೆಯದೆ ಇರಲಾಗಲಿಲ್ಲ. ನಮ್ಮಲ್ಲಿಂದ ಶ್ರೂಸ್‌ಬರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ.

ನಿಲ್ದಾಣದಿಂದ ಹೊರಗೆ ಬಂದು ತಲೆ ಎತ್ತಿದರೆ ಮೇಲೇ ಕೋಟೆ. ಕೆಂಪು ಕಲ್ಲಿನದು, ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಸೆವರ್ನ್ ನದಿ ಊರನ್ನು ಕುದುರೆಲಾಳದ ಹಾಗೆ ಬಳಸಿದೆ, ಬಿಟ್ಟಿರುವ ಕಿರಿದಾದ ಬಾಯಿಗೆ ಈ ಕೋಟೆ ಬೀಗ ಹಾಕಿದಂತಿದೆ. ಅಲ್ಲಿಂದ ಊರೊಳಗೆ ಇಳಿದು ಇಂಗ್ಲಿಷ್ ಬ್ರಿಜ್ ಎಂಬ ಸೇತುವೆ ದಾಟಿದರೆ ಮಠದ ಚರ್ಚು. ಅದೂ ಅದೇ ಕೆಂಪು ಕಲ್ಲು. 1083ರಲ್ಲಿ ಶುರುವಾದದ್ದು. ಒಳಗೆ ದಪ್ಪ ದುಂಡು ಕಂಬಗಳು ಇನ್ನೂ ಇವೆ. ಅಮ್ಮ ಒಂದಕ್ಕೆ ಕೈ ಇಟ್ಟು, 'ನಮ್ಮ ಹೊಯ್ಸಳರ ಕಾಲದ್ದೇ ಅಲ್ವಾ' ಅಂದರು. ಹೌದು, ವಿಷ್ಣುವರ್ಧನನೂ ಸ್ಟೀಫನ್ ರಾಜನೂ ಒಂದೇ ಕಾಲದವರು. ನನಗೆ ಅದು ಹೊಳೆದೇ ಇರಲಿಲ್ಲ.

ಕ್ಯಾಡ್‌ಫೈಲ್‌ನ ಗಿಡಮೂಲಿಕೆ ತೋಟ ಇಲ್ಲ. 19ನೇ ಶತಮಾನದಲ್ಲಿ ಮಠದ ಜಾಗದ ನಡುವೆಯೇ ರಸ್ತೆ ಹಾಕಿದರು, ಈಗ ಅಲ್ಲಿ ಲಾರಿ ಓಡುತ್ತವೆ. ಕೋಟೆಯಿಂದ ಮಠಕ್ಕೆ ಅಮ್ಮನ ನಡಿಗೆಯಲ್ಲಿ ಇಪ್ಪತ್ತು ನಿಮಿಷ ಆಯಿತು. ಹ್ಯೂ ದಿನಾ ನಡೆದ ದಾರಿ. ಶೆರಿಫ್‌ನ ಕೋಟೆಗೂ ಮಠದ ಬಾಗಿಲಿಗೂ ನಡುವೆ ಒಂದು ಸೇತುವೆ. ಒಂದು ಕಡೆ ರಾಜನ ಮಾತು ನಡೆಯುತ್ತದೆ, ಇನ್ನೊಂದು ಕಡೆ ಮಠಾಧಿಪತಿಯದು. ಆ ಸೇತುವೆ ಮೇಲೆ ನಿಂತಾಗ ನನಗೆ ಲಿಲಿವಿನ್ ಓಡಿ ಬಂದದ್ದು ಕಂಡ ಹಾಗಾಯಿತು.

ವಕೀಲಮ್ಮ:
ಕನ್ನಡತಿ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಶೆರಿಫ್ ಅಂದರೆ ಗಂಡಸರೇ ಅಂದುಕೊಂಡವರಿಗೆ ಒಂದು ಹೆಸರು: ನಿಕೋಲಾ ಡಿ ಲಾ ಹೇ. 1216ರಲ್ಲಿ ರಾಜ ಜಾನ್ ಸಾಯುವ ಮುನ್ನ ಲಿಂಕನ್‌ಶೈರ್‌ನ ಶೆರಿಫ್ ಆಗಿ ನೇಮಿಸಿದ್ದು ಆಕೆಯನ್ನು. ಅಷ್ಟರಲ್ಲಿ ವಿಧವೆ, ವಯಸ್ಸೂ ಆಗಿತ್ತು. ಮರುವರ್ಷ ಫ್ರೆಂಚರೂ ಬಂಡಾಯಗಾರರೂ ಲಿಂಕನ್ ಕೋಟೆಗೆ ಮುತ್ತಿಗೆ ಹಾಕಿದಾಗ ಬಾಗಿಲು ತೆರೆಯದೆ ಕಾದುಕೊಂಡಳು. ಆಕೆಯನ್ನೇ ನಡುವೆ ಇಟ್ಟು ಒಂದು ಪತ್ತೇದಾರಿ ಸರಣಿ ಬಂದರೆ ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.

ಮಳೆಗಾಲ ಅವರಿಗೆ ಒಂದು ಸಲಹೆ. ಸುಸಾನಾ ಗ್ರೆಗರಿ ಬರೆಯುವ ಮ್ಯಾಥ್ಯೂ ಬಾರ್ಥಲೋಮ್ಯೂ ಸರಣಿ ನೋಡಿ. 1348ರ ಪ್ಲೇಗ್ ಹೊತ್ತಿನ ಕೇಂಬ್ರಿಜ್. ಅಲ್ಲಿನ ಶೆರಿಫ್ ಡಿಕ್ ಟುಲಿಯೆಟ್ ನಿಮಗೆ ಒಪ್ಪಿಗೆಯಾಗಬಹುದು. ಒಂದು ಕಡೆ ಊರಿನವರು, ಇನ್ನೊಂದು ಕಡೆ ವಿಶ್ವವಿದ್ಯಾಲಯದವರು. ವಿದ್ಯಾರ್ಥಿಗಳನ್ನು ಧರ್ಮಾಧಿಕಾರಿಗಳ ಲೆಕ್ಕಕ್ಕೆ ಸೇರಿಸುವುದರಿಂದ ಶೆರಿಫ್ ಮನಸ್ಸಿಗೆ ಬಂದಂತೆ ಗಲ್ಲಿಗೆ ಹಾಕುವಂತಿಲ್ಲ. ಕೈಯಲ್ಲಿ ಕತ್ತಿ ಇದೆ, ಅರ್ಧ ಊರಿನ ಮೇಲೆ ಬೀಸುವಂತಿಲ್ಲ.

ಮಳೆಗಾಲ:
ಖಂಡಿತ ಓದುತ್ತೇನೆ. ಆ ಕೇಳದ ಪ್ರಶ್ನೆಯ ಮಾತು ನನ್ನ ಮನಸ್ಸು ಬದಲಿಸಿತು ಅಂತ ಹೇಳಲೇಬೇಕು. ಹ್ಯೂನನ್ನು ಆ ಕಣ್ಣಿನಿಂದ ನಾನು ನೋಡಿರಲಿಲ್ಲ. ಪ್ರೆಸ್ಟ್‌ಕೋಟ್ ಬಗ್ಗೆ ಮಾತ್ರ ನನ್ನ ಮಾತಿಗೆ ನಿಲ್ಲುತ್ತೇನೆ.

ಓದುಹುಚ್ಚು:
ನಿನ್ನೆ ರಾತ್ರಿ 'ಮಂಕ್ಸ್ ಹುಡ್' ಮುಗಿಯಿತು. ಆ ಹುಡುಗನನ್ನು ಬೆನ್ನಟ್ಟಿದ ಶೆರಿಫ್‌ನ ಕಡೆಯವನ ಮೇಲೆ ಈಗ ಅಷ್ಟು ಸಿಟ್ಟಿಲ್ಲ. ಮೈಕಲ್ಮಸ್ ಲೆಕ್ಕ ಅವನ ತಲೆ ಮೇಲೂ ಇತ್ತು ಅಂತ ಈಗ ಗೊತ್ತು. ಕೊನೆಯಲ್ಲಿ ಕ್ಯಾಡ್‌ಫೈಲ್ ಗಡಿ ದಾಟಿ ವೇಲ್ಸ್‌ಗೆ ಹೋಗುತ್ತಾನಲ್ಲ, ಅಲ್ಲಿ ಇಂಗ್ಲಿಷ್ ಶೆರಿಫ್‌ನ ಅಧಿಕಾರ ನಡೆಯುವುದಿಲ್ಲ. ನಿಜ ಗೊತ್ತಾದ ಮೇಲೆ ಅವನು ಏನು ಮಾಡುತ್ತಾನೆ ಅನ್ನೋದನ್ನು ಎರಡು ಸಲ ಓದಿದೆ. ಮಾಡಿದ್ದು ಸರಿಯಾ ಅಂತ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ತುಂಗಾತೀರ ಅವರೇ, ನಿಮಗೆ ಏನನಿಸುತ್ತದೆ? ಹ್ಯೂ ಅವನ ಜೊತೆ ಅಲ್ಲಿದ್ದಿದ್ದರೆ ಬಿಡುತ್ತಿದ್ದನಾ?

ತುಂಗಾತೀರ:
ಹ್ಯೂ ಆ ದಿನ ಜೊತೆಗಿದ್ದಿದ್ದರೆ ಗಡಿಯ ಈಚೆ ದಂಡೆಯಲ್ಲೇ ಕುದುರೆ ನಿಲ್ಲಿಸಿಕೊಂಡು ಕಾಯುತ್ತಿದ್ದ ಅಂತ ನನ್ನ ನಂಬಿಕೆ. ಕ್ಯಾಡ್‌ಫೈಲ್ ವಾಪಸ್ ಬಂದ ಮೇಲೆ, ಊಟ ಆಯ್ತಾ ಅಂತ ಕೇಳುತ್ತಿದ್ದ.